ಮರಿ ಉಳಿದರೆ ಮೀನು: ಕೊಡಗಿನ ಹೊಳೆಗಳಲ್ಲಿ ಯಾರು ಯಾರನ್ನು ತಿನ್ನುತ್ತಾರೆ?

ಮುಂಗಾರು ಜೋರಾಗಿ ಹಿಡಿದ ಮೇಲೆ ಕೊಡಗಿನ ತೋಟದ ಕೆರೆಗಳು ಒಂದೊಂದಾಗಿ ಕೋಡಿ ಬೀಳುತ್ತವೆ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕಲು ತೆಗೆಸಿದ ಕೆರೆಗಳಿವು. ನೀರಿದೆ, ಸುಮ್ನೆ ಯಾಕೆ ಬಿಡಬೇಕು ಅಂತ ಅದರಲ್ಲಿ ಮೀನು ಮರಿ ಬಿಟ್ಟಿರುತ್ತಾರೆ. ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ, ಹುಲ್ಲುಗೆಂಡೆ, ಕೆಲವು ಕಡೆ ರೂಪ್‌ಚಂದ್. ಅದರ ಜೊತೆಗೆ ಯಾರೂ ಬಿಡದಿದ್ದರೂ ಹೇಗೋ ಬಂದು ಸೇರಿಕೊಳ್ಳುವ ಜಿಲೇಬಿ ಮೀನು, ಅಂದರೆ ತಿಲಾಪಿಯ. ಕೋಡಿಯ ನೀರು ಗದ್ದೆಗೆ ಇಳಿಯುತ್ತದೆ, ಗದ್ದೆಯದು ತೋಡಿಗೆ, ತೋಡಿನದು ಹೊಳೆಗೆ. ನೀರಿನ ಜೊತೆ ಮೀನೂ ಹೋಗುತ್ತದೆ.

ಅದೇ ಹೊತ್ತಿಗೆ ಎದುರಿನಿಂದ ಇನ್ನೊಂದು ದಂಡು ಬರುತ್ತಿರುತ್ತದೆ. ಹೊಸ ನೀರಿನ ವಾಸನೆ ಹಿಡಿದು ನಮ್ಮ ಹೊಳೆಯ ಮೀನುಗಳು ಮೇಲಕ್ಕೆ ಹತ್ತುವ ಕಾಲ ಇದು. ಸಾಸಲು ಮೀನುಗಳಿಂದ ಹಿಡಿದು ದೊಡ್ಡ ಗೆಂಡೆ ಜಾತಿಯವರೆಗೆ ಎಷ್ಟೋ ಮೀನುಗಳು ತೋಡಿನಲ್ಲಿ, ಗದ್ದೆಯ ಬದಿಯಲ್ಲಿ ಮೊಟ್ಟೆ ಇಡಲು ಬರುತ್ತವೆ. ಇಳಿಯುವ ಹೊರಗಿನ ಮೀನು, ಹತ್ತುವ ಊರ ಮೀನು ಎರಡೂ ಒಂದೇ ಮೊಣಕಾಲುದ್ದ ನೀರಿನಲ್ಲಿ ಮುಖಾಮುಖಿಯಾಗುತ್ತವೆ. ಅದೂ ಒಂದು ಗುಂಪು ಮೊಟ್ಟೆ ಇಡಲು ಬಂದಿರುವಾಗ.

ಇಂಥ ಕಡೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ. ಹೊರಗಿನ ಮೀನು ನಮ್ಮ ಮೀನನ್ನು ತಿಂದು ಮುಗಿಸುತ್ತಾ? ಪ್ರಶ್ನೆ ಕೇಳುವಾಗಲೇ ನಮ್ಮ ಮನಸ್ಸಿನಲ್ಲಿ ಒಂದು ದೊಡ್ಡ ಬಾಯಿಯ ಮೀನು, ಅದರ ಮುಂದೆ ಓಡುವ ಒಂದು ಸಣ್ಣ ಮೀನು ಇರುತ್ತದೆ. ನನ್ನ ಪ್ರಕಾರ ಈ ಚಿತ್ರವೇ ನಮ್ಮ ದಾರಿ ತಪ್ಪಿಸುವುದು. ಸಿಹಿನೀರಿನಲ್ಲಿ ಯಾರು ಉಳಿಯುತ್ತಾರೆ, ಯಾರು ಅಳಿಯುತ್ತಾರೆ ಅನ್ನೋದು ದೊಡ್ಡ ಮೀನುಗಳ ಮಟ್ಟದಲ್ಲಿ ತೀರ್ಮಾನ ಆಗುವುದು ಕಡಿಮೆ. ಮೊಟ್ಟೆ ಮತ್ತು ಮರಿಯ ಮಟ್ಟದಲ್ಲಿ ಆಗುವುದೇ ಜಾಸ್ತಿ. ಆ ಮಟ್ಟದಲ್ಲಿ ಬೆರಳುದ್ದದ ಮೀನೂ ಬೇಟೆಗಾರನೇ.

ಮೊಟ್ಟೆಯನ್ನು ಯಾರು ಹೇಗೆ ಕಾಯುತ್ತಾರೆ

ಕೊರವ ಮೀನನ್ನೇ ನೋಡಿ. ಕೆರೆ, ಗದ್ದೆ, ನಿಧಾನವಾಗಿ ಹರಿಯುವ ತೋಡುಗಳಲ್ಲಿ ಇದು ನಮ್ಮ ಊರಿನ ದೊಡ್ಡ ಬೇಟೆಗಾರ. ಕಳೆಯ ಮರೆಯಲ್ಲಿ ನಿಶ್ಚಲವಾಗಿ ನಿಂತು ಒಂದೇ ಏಟಿಗೆ ಹಿಡಿಯುತ್ತದೆ. ಆದರೆ ಮರಿ ಮಾಡುವ ಕಾಲದಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ಕೆರೆ ದಂಡೆಯಲ್ಲಿ ನಿಂತರೆ ನೀರಿನ ಮೇಲೆ ಅಂಗೈ ಅಗಲದ ಕೆಂಪು ತೇಪೆ ಒಂದು ಕುದಿಯುತ್ತಿರುವ ಹಾಗೆ ಕಾಣುತ್ತದೆ. ಅದು ನೂರಾರು ಮರಿಗಳ ಗುಂಪು. ಗಾಳಿ ಎಳೆದುಕೊಳ್ಳಲು ಎಲ್ಲವೂ ಒಟ್ಟಿಗೆ ಮೇಲೆ ಬರುತ್ತವೆ, ಒಟ್ಟಿಗೆ ಕೆಳಗಿಳಿಯುತ್ತವೆ. ಸ್ವಲ್ಪ ಕೆಳಗೆ ಕಣ್ಣು ಹಾಯಿಸಿದರೆ ಅಪ್ಪ ಅಮ್ಮ ಇಬ್ಬರೂ ಕಾವಲಿಗಿರುತ್ತಾರೆ. ಕಪ್ಪೆ ಬಂದರೂ ಸರಿ, ಬೇರೆ ಮೀನು ಬಂದರೂ ಸರಿ, ಮೈಮೇಲೆ ಬೀಳುತ್ತವೆ.

ಈ ಕಾವಲೇ ಅವುಗಳ ಕುತ್ತಿಗೆಗೂ ಬರುತ್ತದೆ. ಮರಿ ಜೊತೆಗಿರುವ ಕೊರವ ಜಾಗ ಬಿಟ್ಟು ಓಡುವುದಿಲ್ಲ. ಮರಿಗಳ ಗುಂಪಿನ ಮೇಲೆ ಗಾಳ ಬೀಳಿಸಿದರೆ ಸಿಟ್ಟಿನಿಂದ ಬಂದು ಕಚ್ಚುತ್ತದೆ. ಎರಡು ದೊಡ್ಡ ಮೀನು ಸಾರಿಗೆ ಸಿಕ್ಕಿತು ಅಂತ ಹಿಡಿದವರಿಗೆ ಖುಷಿ. ಅತ್ತ ಕಾವಲಿಲ್ಲದ ಮರಿಗಳ ಗುಂಪು ಸುತ್ತಲಿನ ಜಿಲೇಬಿಗಳಿಗೆ ಊಟವಾಗುತ್ತದೆ. ಒಂದು ಗಾಳದಲ್ಲಿ ಹೋಗಿದ್ದು ಎರಡಲ್ಲ, ಒಂದು ತಲೆಮಾರು.

ಜಿಲೇಬಿಯ ಲೆಕ್ಕವೇ ಬೇರೆ. ಆಫ್ರಿಕಾ ಮೂಲದ ಈ ಮೀನು ಭಾರತಕ್ಕೆ ಬಂದದ್ದು 1952ರಲ್ಲಿ, ಬಡವರ ಪ್ರೋಟೀನ್ ಅನ್ನುವ ಭರವಸೆಯ ಮೇಲೆ. ಇದರ ಹೆಣ್ಣು ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತದೆ. ಮರಿ ಈಜಲು ಕಲಿತ ಮೇಲೂ ಅಪಾಯ ಕಂಡರೆ ಮತ್ತೆ ಬಾಯಿಯೊಳಗೆ ಸೇರಿಸಿಕೊಳ್ಳುತ್ತದೆ. ಒಂದು ಸಲಕ್ಕೆ ಮೊಟ್ಟೆಗಳ ಸಂಖ್ಯೆ ಕೆಲವು ನೂರು ಅಷ್ಟೇ. ಆದರೆ ವರ್ಷಕ್ಕೆ ಹಲವು ಸಲ ಮರಿ ಮಾಡುತ್ತದೆ, ಅಂಗೈ ಉದ್ದ ಬೆಳೆಯುವ ಮೊದಲೇ ಮರಿ ಮಾಡಲು ಶುರು ಮಾಡುತ್ತದೆ, ಕಾವಲಿಲ್ಲದ ಮರಿಗಳಿಗಿಂತ ಇದರ ಮರಿಗಳು ಹೆಚ್ಚು ಉಳಿಯುತ್ತವೆ.

ಮಹಶೀರ್, ಅಂದರೆ ಕಾವೇರಿ ತೀರದವರ ಬಿಳಿಮೀನು, ಇದಕ್ಕೆ ಪೂರ್ತಿ ತದ್ವಿರುದ್ಧ. ಹರಿಯುವ ನೀರಿನ ತಳದ ಜಲ್ಲಿಕಲ್ಲುಗಳ ನಡುವೆ ಸಾವಿರಾರು ಮೊಟ್ಟೆ ಇಟ್ಟು ತನ್ನ ಪಾಡಿಗೆ ತಾನು ಹೋಗುತ್ತದೆ. ಕಾವಲಿಲ್ಲ, ಗೂಡಿಲ್ಲ. ಕಲ್ಲಿನ ಸಂದೇ ಕಾವಲು. ಆ ಜಲ್ಲಿ ತೆಗೆದು ಸಾಗಿಸಿದರೆ, ಅಥವಾ ಮೇಲಿನ ಗುಡ್ಡದ ಮಣ್ಣು ಬಂದು ಸಂದು ಮುಚ್ಚಿದರೆ, ಮೊಟ್ಟೆ ಬಟಾಬಯಲಿನಲ್ಲಿ ಬಿದ್ದ ಹಾಗೆ.

ಈ ಮೂರು ಪದ್ಧತಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಯಾರು ಯಾಕೆ ಗೆಲ್ಲುತ್ತಾರೆ ಅನ್ನೋದು ಅರ್ಧ ಅರ್ಥವಾಗುತ್ತದೆ. ಜಿಲೇಬಿ ಮೀನು ದೊಡ್ಡ ಕೊರವನನ್ನು ತಿನ್ನಲಾರದು. ಕೊರವನೇ ಜಿಲೇಬಿಯನ್ನು ತಿನ್ನುವುದು. ಜಿಲೇಬಿ ವಿಪರೀತ ಹೆಚ್ಚಿದ ಸಾಕಣೆ ಕೆರೆಗಳಲ್ಲಿ ಅದನ್ನು ಹತೋಟಿಗೆ ತರಲೆಂದೇ ಕೊರವ ಬಿಡುವ ರೂಢಿ ಇದೆ. ಅಂದರೆ ದೊಡ್ಡ ಕೊರವಗಳು ಸಾಕಷ್ಟಿದ್ದರೆ ಅವು ಜಿಲೇಬಿಯನ್ನು ಸೋಸುತ್ತಾ, ತಮ್ಮ ಮರಿಗಳಿಗೆ ಜಾಗ ಹಸನು ಮಾಡಿಕೊಳ್ಳುತ್ತವೆ. ದೊಡ್ಡ ಕೊರವಗಳನ್ನು ನಾವೇ ಹಿಡಿದು ಖಾಲಿ ಮಾಡಿದರೆ ಲೆಕ್ಕ ತಿರುಗಿ ಬೀಳುತ್ತದೆ. ನಿನ್ನೆಯ ಬೇಟೆ ಇವತ್ತು ಬೇಟೆಗಾರನ ಮರಿಗಳನ್ನು ತಿನ್ನುತ್ತದೆ. ಮೀನುಗಾರಿಕೆ ವಿಜ್ಞಾನಿಗಳಾದ ಕಾರ್ಲ್ ವಾಲ್ಟರ್ಸ್ ಮತ್ತು ಜೇಮ್ಸ್ ಕಿಚೆಲ್ 2001ರಲ್ಲಿ ಈ ತಿರುವನ್ನು ವಿವರಿಸಿದರು. ದೊಡ್ಡ ಬೇಟೆ ಮೀನುಗಳನ್ನು ಅತಿಯಾಗಿ ಹಿಡಿದ ಮೇಲೆ, ಹಿಡಿಯುವುದನ್ನು ನಿಲ್ಲಿಸಿದರೂ ಅವು ಮತ್ತೆ ಮೇಲೇಳದೆ ಇರಲು ಇದು ಒಂದು ಕಾರಣ ಅನ್ನುವುದು ಅವರ ವಾದ. ನಮ್ಮ ಕೆರೆಗಳಿಗೆ ಇದು ಚೆನ್ನಾಗಿ ಹೊಂದುತ್ತದೆ.

ಬೇಟೆಗಾರ ಇದ್ದರೇ ಎಲ್ಲರೂ ಉಳಿಯುವುದು?

ಬೇಟೆ ಅಂದ ತಕ್ಷಣ ನಾಶ ಅಂದುಕೊಳ್ಳುವ ಅಭ್ಯಾಸ ನಮಗೆ. ಆದರೆ ಪರಿಸರ ವಿಜ್ಞಾನದ ಹಳೆಯ ಪ್ರಯೋಗವೊಂದು ಇದನ್ನು ತಲೆಕೆಳಗು ಮಾಡಿತ್ತು. ಅಮೆರಿಕದ ರಾಬರ್ಟ್ ಪೇನ್ ವಾಷಿಂಗ್ಟನ್ ರಾಜ್ಯದ ಕಡಲ ಬಂಡೆಗಳ ಮೇಲಿಂದ ನಕ್ಷತ್ರ ಮೀನುಗಳನ್ನು ಕಿತ್ತು ಕಿತ್ತು ಎಸೆದರು. ಅಲ್ಲಿನ ಮುಖ್ಯ ಬೇಟೆಗಾರ ಅದು. ಬೇಟೆಗಾರ ಹೋದ ಮೇಲೆ ಉಳಿದವರು ಸುಖವಾಗಿರಬೇಕಿತ್ತು, ಅಲ್ವಾ? ಆಗಿದ್ದೇ ಬೇರೆ. ಒಂದು ಜಾತಿಯ ಚಿಪ್ಪುಜೀವಿ ಬಂಡೆಯನ್ನೆಲ್ಲ ಆವರಿಸಿಕೊಂಡು ಮಿಕ್ಕವರನ್ನು ಹೊರದಬ್ಬಿತು. 15 ಜಾತಿಗಳಿದ್ದ ಕಡೆ 8 ಉಳಿದವು. 1966ರಲ್ಲಿ ಪ್ರಕಟವಾದ ಈ ಕೆಲಸ ಹೇಳಿದ್ದು ಇಷ್ಟು: ಬೇಟೆಗಾರ ಯಾರು ಹೆಚ್ಚಾಗಿದ್ದಾರೋ ಅವರನ್ನೇ ಜಾಸ್ತಿ ತಿನ್ನುತ್ತಿದ್ದರೆ ಬಲಹೀನರಿಗೂ ಜಾಗ ಸಿಗುತ್ತದೆ.

ಹಾಗಂತ ಯಾವ ಬೇಟೆಗಾರನನ್ನು ತಂದು ಬಿಟ್ಟರೂ ಒಳ್ಳೆಯದೇ ಅಂತಲ್ಲ. ಪೂರ್ವ ಆಫ್ರಿಕಾದ ವಿಕ್ಟೋರಿಯಾ ಸರೋವರಕ್ಕೆ 1950ರ ದಶಕದಲ್ಲಿ ನೈಲ್ ಪರ್ಚ್ ಬಿಟ್ಟರು. 1980ರ ದಶಕದ ಹೊತ್ತಿಗೆ ಅಲ್ಲಿ ಮಾತ್ರ ಸಿಗುತ್ತಿದ್ದ ಸಣ್ಣ ಮೀನುಗಳಲ್ಲಿ ನೂರಾರು ಜಾತಿಗಳು ಕಣ್ಮರೆಯಾದವು. ಎರಡಕ್ಕೂ ವ್ಯತ್ಯಾಸ ಏನು? ನಕ್ಷತ್ರ ಮೀನು ಅಲ್ಲೇ ಹುಟ್ಟಿ ಬೆಳೆದದ್ದು, ಅದರ ಬೇಟೆಗಳಿಗೆ ಅದರ ಪರಿಚಯ ಇತ್ತು. ನೈಲ್ ಪರ್ಚ್‌ನಂಥ ಬಾಯಿಯನ್ನು ಅಲ್ಲಿನ ಸಣ್ಣ ಮೀನುಗಳು ಎಂದೂ ಕಂಡಿರಲಿಲ್ಲ. ಸಾಲದ್ದಕ್ಕೆ ಸುತ್ತಲಿನ ಜಮೀನಿನಿಂದ ಬಂದ ಗೊಬ್ಬರದ ನೀರು ಸರೋವರವನ್ನು ಕೆಡಿಸಿತ್ತು.

ಸಣ್ಣ ಜೀವಿಗಳಲ್ಲಿ ಇನ್ನೂ ಸೂಕ್ಷ್ಮವಾದ ಆಟ ನಡೆಯುತ್ತದೆ. ಇದಕ್ಕೆ ನನಗೆ ಇಷ್ಟವಾದ ಉದಾಹರಣೆ ಉತ್ತರ ಐರ್ಲೆಂಡ್‌ನದು. ಅಲ್ಲಿನ ನದಿಗಳಲ್ಲಿ ಗ್ಯಾಮರಸ್ ಅನ್ನುವ, ಉಗುರಿನಷ್ಟು ಉದ್ದದ, ಸಿಗಡಿಯ ದೂರದ ಬಂಧುಗಳಿವೆ. ಟ್ರೌಟ್ ಮೀನಿಗೆ ಆಹಾರ ಜಾಸ್ತಿಯಾಗಲಿ ಅಂತ 1950ರ ದಶಕದ ಕೊನೆಯಲ್ಲಿ ಬ್ರಿಟನ್‌ನಿಂದ ಅದೇ ಕುಲದ ಇನ್ನೊಂದು ಜಾತಿಯನ್ನು ತಂದು ಬಿಟ್ಟರು. ಎರಡೂ ಒಂದೇ ಊಟಕ್ಕೆ ಪೈಪೋಟಿ ಮಾಡುತ್ತವೆ ಅಂದುಕೊಂಡಿದ್ದವರಿಗೆ ಆಮೇಲೆ ಗೊತ್ತಾಯಿತು, ಅವು ಒಂದನ್ನೊಂದು ತಿನ್ನುತ್ತಿವೆ ಅಂತ. ಇವು ಬೆಳೆಯಬೇಕಾದರೆ ಹಳೆಯ ಚಿಪ್ಪು ಕಳಚಬೇಕು. ಕಳಚಿದ ಹೊಸತರಲ್ಲಿ ಮೈ ಮೆತ್ತಗೆ. ಆ ಹೊತ್ತಿಗೆ ಕಾದು ಹೊರಗಿನ ಜಾತಿ ಊರಿನದನ್ನು ತಿನ್ನುತ್ತದೆ. ಊರಿನದೂ ಹೊರಗಿನದನ್ನು ತಿನ್ನುತ್ತದೆ, ಆದರೆ ಕಡಿಮೆ. ಈ ಸಣ್ಣ ವ್ಯತ್ಯಾಸವೇ ಸಾಕಾಯಿತು, ಎಷ್ಟೋ ಕಡೆ ಊರಿನ ಜಾತಿ ಜಾಗ ಕಳೆದುಕೊಂಡಿತು.

ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಅದೇ ಊರ ಜಾತಿ ತನಗಿಂತ ಸಣ್ಣದಾದ ಬೇರೆ ಎರಡು ಹೊರಗಿನ ಜಾತಿಗಳನ್ನು ತಿಂದು ತಡೆಹಿಡಿಯುತ್ತಿತ್ತು. ಒಂದು ಪರಾವಲಂಬಿ ಅದರ ಸ್ನಾಯುಗಳಿಗೆ ಸೇರಿಕೊಂಡಾಗ ಆ ತಾಕತ್ತೂ ಕುಗ್ಗಿತು. ದೊಡ್ಡ ವೈರಿಯ ಬಾಯಿಗೆ ಬೀಳುವುದು ಹೆಚ್ಚಾಯಿತು, ಸಣ್ಣವರನ್ನು ತಿನ್ನುವುದು ಕಡಿಮೆಯಾಯಿತು. ಒಂದು ಕಾಯಿಲೆ ಮೂರ್ನಾಲ್ಕು ಜಾತಿಗಳ ಸಹಬಾಳ್ವೆಯ ಲೆಕ್ಕವನ್ನೇ ಬದಲಿಸಿತು.

ಕಕ್ಕಡದ, ಅಂದರೆ ಜುಲೈ, ಆಗಸ್ಟ್‌ನ ಮಳೆಯಲ್ಲಿ ಗದ್ದೆ ಏಡಿ ಹಿಡಿದವರಿಗೆ ಚಿಪ್ಪು ಕಳಚಿದ ಮೆತ್ತನೆಯ ಏಡಿ ಹೇಗಿರುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಬದುವಿನ ಬಿಲದಿಂದ ಆಚೆ ಬಂದರೆ ಅದನ್ನು ಯಾರು ಬೇಕಾದರೂ ತಿನ್ನಬಹುದು. ಬಿಲ ಇದ್ದರೆ ಬದುಕುತ್ತದೆ. ಯಾವ ಬೇಟೆಗಾರ ಇದ್ದಾನೆ ಅನ್ನುವುದರಷ್ಟೇ, ಅಡಗಲು ಎಲ್ಲಿ ಜಾಗ ಇದೆ ಅನ್ನುವುದೂ ಮುಖ್ಯ. ಗದ್ದೆಗಳನ್ನು ಪಾಳು ಬಿಟ್ಟು, ಮಣ್ಣು ತುಂಬಿ ಸೈಟು ಮಾಡುತ್ತಿರುವ ಜಿಲ್ಲೆಯಲ್ಲಿ ಈ ಮಾತು ಬರಿಯ ಏಡಿಗೆ ನಿಲ್ಲುವುದಿಲ್ಲ. ಗದ್ದೆ ನೀರು ಮೀನು ಮರಿಗಳಿಗೂ ತೊಟ್ಟಿಲೇ.

ಬೇಸಿಗೆಯ ಗುಂಡಿಗಳು

ಕೊಡಗಿಗೆ ಒಂದು ಅನುಕೂಲ ಇದೆ. ಮೇಲಿನ ತೊರೆಗಳು ತಣ್ಣಗಿವೆ, ಕಲ್ಲಿನ ಮೇಲೆ ವೇಗವಾಗಿ ಓಡುತ್ತವೆ. ಜಿಲೇಬಿಗೆ ಇಂಥ ನೀರು ಹಿಡಿಸುವುದಿಲ್ಲ. ಅದಕ್ಕೆ ಬೆಚ್ಚಗಿನ, ನಿಂತ ನೀರು ಬೇಕು. ಕಲ್ಲಿಗೆ ಅಂಟಿಕೊಂಡು ಪಾಚಿ ಕೆರೆಯುವ ನಮ್ಮ ಸಣ್ಣ ಮೀನುಗಳಿಗೆ ಆ ಓಟವೇ ಕೋಟೆ. ಹಾಗಾಗಿ ಒಂದೇ ಹೊಳೆಯಲ್ಲಿ ಮೇಲೆ ಊರ ಮೀನು, ಕೆಳಗೆ ಹೊರಗಿನ ಮೀನು ಅಂತ ಪಾಲು ಮಾಡಿಕೊಂಡು ಇಬ್ಬರೂ ಇರಲು ಸಾಧ್ಯ. ಸಹಬಾಳ್ವೆ ಅಂದರೆ ಹೆಚ್ಚಿನ ಸಲ ಇದೇ. ಒಟ್ಟಿಗೆ ಇರುವುದಲ್ಲ, ಪಕ್ಕಪಕ್ಕದಲ್ಲಿ ಇರುವುದು.

ಈ ಪಾಲು ಮುರಿಯುವುದು ಬೇಸಿಗೆಯಲ್ಲಿ. ಫೆಬ್ರವರಿಯಿಂದ ತೋಟಗಳಿಗೆ ಪಂಪು ಶುರುವಾಗುತ್ತದೆ. ಹೂಮಳೆ ಕೈಕೊಟ್ಟ ವರ್ಷ ಪಂಪು ಹಗಲು ರಾತ್ರಿ ಓಡುತ್ತದೆ. ತೊರೆ ತುಂಡು ತುಂಡಾಗಿ ಗುಂಡಿಗಳಾಗುತ್ತದೆ. ಬರ ಬಿದ್ದ ವರ್ಷ ಕುಶಾಲನಗರದ ಹತ್ತಿರ ಕಾವೇರಿಯೂ ಬಂಡೆಗಳ ನಡುವಿನ ಮಡುಗಳ ಸಾಲಾಗಿಬಿಡುತ್ತದೆ. ಓಡುವ ನೀರು ನಿಂತ ನೀರಾದಾಗ ಜಿಲೇಬಿಗೆ ಹಬ್ಬ. ಊರ ಮೀನಿಗೆ ಓಡಲು ಜಾಗವಿಲ್ಲ, ಅಡಗಲು ಜಾಗವಿಲ್ಲ. ಯಾರು ಯಾರನ್ನು ತಿನ್ನಬಹುದೋ ಎಲ್ಲರೂ ಒಂದೇ ಗುಂಡಿಯಲ್ಲಿ. ಅಂಥ ಗುಂಡಿಗೆ ವಿಷ ಹಾಕುವ, ತೋಟೆ ಸಿಡಿಸುವ ಪುಣ್ಯಾತ್ಮರೂ ಆಗಲೇ ಬರುತ್ತಾರೆ. ಸಿಡಿದ ಮೇಲೆ ಖಾಲಿಯಾದ ಗುಂಡಿಗೆ ಮೊದಲು ವಾಪಸ್ ಬಂದು ಮರಿ ಮಾಡುವವರು ಯಾರು ಅಂತ ಊಹಿಸುವುದು ಕಷ್ಟವಲ್ಲ.

ನೀರುನಾಯಿ, ನೀರುಕಾಗೆಗಳ ಪಾತ್ರವೂ ಇಲ್ಲೇ ಬರುತ್ತದೆ. ಅವು ಜಿಲೇಬಿಯನ್ನು ಚೆನ್ನಾಗಿಯೇ ತಿನ್ನುತ್ತವೆ. ಕೇರಳದ ಪೆರಿಯಾರ್ ಕೆರೆಯ ನೀರುನಾಯಿಗಳ ಊಟದಲ್ಲಿ ಜಿಲೇಬಿ ಇರುವುದು ಅಧ್ಯಯನದಲ್ಲಿ ಕಂಡಿದೆ. ಒಳ್ಳೆಯದೇ ಆಯಿತಲ್ಲ ಅನ್ನಿಸುತ್ತದೆ. ಆದರೆ ರಾಬರ್ಟ್ ಹೋಲ್ಟ್ ಅನ್ನುವ ಪರಿಸರ ವಿಜ್ಞಾನಿ 1977ರಲ್ಲೇ ಇದರ ಇನ್ನೊಂದು ಮಗ್ಗುಲು ತೋರಿಸಿದ್ದರು. ಎರಡು ಜಾತಿಗಳನ್ನು ಒಂದೇ ಬೇಟೆಗಾರ ತಿನ್ನುತ್ತಿದ್ದರೆ, ಬೇಗ ಹೆಚ್ಚುವ ಜಾತಿ ಬೇಟೆಗಾರನ ಸಂಖ್ಯೆಯನ್ನು ಸಾಕುತ್ತದೆ, ನಿಧಾನವಾಗಿ ಹೆಚ್ಚುವ ಜಾತಿ ಅದರ ಬೆಲೆ ತೆರುತ್ತದೆ. ಜಿಲೇಬಿ ತುಂಬಿದ ಕೆರೆಗಳು ನೂರು ನೀರುಕಾಗೆಗಳನ್ನು ಸಾಕಿದರೆ, ಅವು ಪಕ್ಕದ ತೋಡಿನ ಊರ ಮೀನನ್ನೂ ಬಿಡುವುದಿಲ್ಲ. ಎರಡು ಮೀನುಗಳು ಒಂದನ್ನೊಂದು ಮುಟ್ಟದೆಯೇ ಒಂದು ಇನ್ನೊಂದನ್ನು ಸೋಲಿಸಬಹುದು. ಇದಕ್ಕೆ ನೀರುನಾಯಿಯನ್ನು ದೂರಿ ಓಡಿಸಿದರೆ ಜಿಲೇಬಿಗೆ ಇದ್ದ ಒಂದು ಲಗಾಮೂ ಹೋಗುತ್ತದೆ, ಅಷ್ಟೇ.

ಎಲ್ಲವನ್ನೂ ಬೇಟೆಯ ತಲೆಗೆ ಕಟ್ಟುವುದೂ ಸರಿಯಲ್ಲ. ಕಾವೇರಿಯ ಗೂನು ಬೆನ್ನಿನ, ಕಿತ್ತಳೆ ರೆಕ್ಕೆಯ ಮಹಶೀರ್ ಇದಕ್ಕೆ ಸಾಕ್ಷಿ. ಇಡೀ ಜಗತ್ತಿನಲ್ಲಿ ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ ಇರುವ ಮೀನು. 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಸಿಕ್ಕಿದ್ದು 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು. 2018ರಲ್ಲಿ ಇದಕ್ಕೆ ಸರಿಯಾದ ವೈಜ್ಞಾನಿಕ ಹೆಸರು ಗೊತ್ತುಪಡಿಸುವ ಹೊತ್ತಿಗೆ ಅದು ಅಳಿವಿನ ಅಂಚಿಗೆ ಬಂದಾಗಿತ್ತು. ಇದರ ಜಾಗಕ್ಕೆ ಬಂದದ್ದು ಆಫ್ರಿಕಾದ ಮೀನಲ್ಲ. ಪಕ್ಕದ ಕೃಷ್ಣಾ ಕಣಿವೆಯ ನೀಲಿ ರೆಕ್ಕೆಯ ಮಹಶೀರ್. ಲೋಣಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯ ಮರಿಕೇಂದ್ರ 1970ರ ದಶಕದಿಂದ ಇದರ ಮರಿ ಮಾಡಿ ದೇಶದ ಹಲವು ನದಿಗಳಿಗೆ ಕೊಟ್ಟಿತು. ಕಾವೇರಿಗೂ ಬಿಟ್ಟರು, ಅದೂ ಸಂರಕ್ಷಣೆಯ ಹೆಸರಿನಲ್ಲೇ. ಕೊಡಗಿನಿಂದ ಬಹಳ ಕೆಳಗೆ, ಗಾಳಿಬೋರೆ ಭಾಗದಲ್ಲಿ ಗಾಳ ಹಾಕುವವರು 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕ ನೋಡಿದರೆ ಒಟ್ಟು ಮಹಶೀರ್ ಹೆಚ್ಚಿವೆ. ಆದರೆ ಹೆಚ್ಚಿದ್ದು ನೀಲಿ ರೆಕ್ಕೆಯವು, ಗೂನು ಬೆನ್ನಿನವು ಅಪರೂಪವಾದವು. ಲೆಕ್ಕದ ಪುಸ್ತಕದಲ್ಲಿ ಎರಡಕ್ಕೂ ಒಂದೇ ಹೆಸರು ಇದ್ದಿದ್ದರೆ ಎಲ್ಲ ಚೆನ್ನಾಗಿದೆ ಅಂತ ಕಾಣುತ್ತಿತ್ತು. ಒಂದು ಇನ್ನೊಂದರ ಮರಿ ತಿಂದಿತೇ, ಊಟಕ್ಕೆ ಪೈಪೋಟಿ ಕೊಟ್ಟಿತೇ, ಅಥವಾ ಅಣೆಕಟ್ಟು, ಮರಳು, ತೋಟೆಗಳ ನಡುವೆ ಹೊಂದಿಕೊಳ್ಳುವ ಶಕ್ತಿ ಅದಕ್ಕೆ ಜಾಸ್ತಿ ಇತ್ತೇ? ಬೇಟೆಯೊಂದೇ ಕಾರಣ ಅನ್ನಲು ಆಧಾರ ಇಲ್ಲ.

ಕೊಡಗಿನಲ್ಲಿ ಈ ಪಕ್ಕದ ಕಣಿವೆಯ ಮಾತು ಇನ್ನೂ ಹತ್ತಿರದ್ದು. ದಕ್ಷಿಣ ಕೊಡಗಿನಲ್ಲಿ ಲಕ್ಷ್ಮಣತೀರ್ಥ ಪೂರ್ವಕ್ಕೆ ಹರಿದು ಕಾವೇರಿ ಸೇರುತ್ತದೆ, ಬರಪೊಳೆ ಪಶ್ಚಿಮಕ್ಕೆ ಹರಿದು ಕೇರಳ ಸೇರುತ್ತದೆ. ನಡುವೆ ಇರುವುದು ಒಂದು ಗುಡ್ಡ. ಆ ಗುಡ್ಡವನ್ನು ಮೀನು ತಾನಾಗಿ ದಾಟಲಾರದು. ಪ್ಲಾಸ್ಟಿಕ್ ಚೀಲಕ್ಕೆ ಆಮ್ಲಜನಕ ತುಂಬಿ ಜೀಪಿನಲ್ಲಿ ಇಟ್ಟರೆ ಅರ್ಧ ಗಂಟೆಯಲ್ಲಿ ದಾಟುತ್ತದೆ.

ಸೊಳ್ಳೆ ಮೀನು ಮತ್ತು ಕೋಡಿಯ ಬಲೆ

ಆಫ್ರಿಕನ್ ಕ್ಯಾಟ್‌ಫಿಶ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕೇಂದ್ರ ಸರಕಾರ 2000ದಲ್ಲೇ ಸಾಕಣೆ ನಿಷೇಧಿಸಿದೆ. ಸಿಕ್ಕಿದ್ದೆಲ್ಲ ತಿನ್ನುತ್ತದೆ, ಗಾಳಿ ಉಸಿರಾಡುತ್ತದೆ, ಒದ್ದೆ ನೆಲದ ಮೇಲೆ ತೆವಳಿ ಇನ್ನೊಂದು ನೀರಿಗೆ ಹೋಗುತ್ತದೆ. ಇದನ್ನು ಕೆರೆಗೆ ಬಿಡುವವರಿಗೆ ಗೊತ್ತಿಲ್ಲ ಅಂತ ನಾನು ನಂಬುವುದಿಲ್ಲ. ಶನಿವಾರಸಂತೆ ಕಡೆ ಆಫ್ರಿಕನ್ ಬಸವನಹುಳು ಕಾಫಿ ಗಿಡ ಹತ್ತುವುದನ್ನು ಕಂಡ ಜಿಲ್ಲೆ ಇದು.

ನನಗೆ ಹೆಚ್ಚು ಯೋಚನೆ ಸಣ್ಣದರ ಬಗ್ಗೆ. ಗಂಬೂಸಿಯ 1928ರಲ್ಲಿ ಭಾರತಕ್ಕೆ ಬಂತು, ಗಪ್ಪಿ ಅದಕ್ಕಿಂತ ಮೊದಲೇ. ಸೊಳ್ಳೆ ಮರಿ ತಿನ್ನಲಿ ಅಂತ ಬಾವಿ, ತೊಟ್ಟಿಗಳಿಗೆ ಬಿಡುತ್ತಾರೆ. ಮುಚ್ಚಿದ ಸಿಮೆಂಟ್ ತೊಟ್ಟಿಯಲ್ಲಿ ಗಪ್ಪಿ ಬಿಟ್ಟರೆ ತಪ್ಪೇನಿಲ್ಲ. ಕೋಡಿ ಇರುವ ಕೆರೆಗೆ, ತೋಡಿಗೆ ಗಂಬೂಸಿಯ ಬಿಡುವುದು ಬೇರೆಯೇ ಮಾತು. ಇದು ಮೊಟ್ಟೆ ಇಡುವುದಿಲ್ಲ, ಈಜುವ ಮರಿಯನ್ನೇ ಹಾಕುತ್ತದೆ. ಮೊಟ್ಟೆಯ ಹಂತದ ಅಪಾಯವನ್ನೇ ದಾಟಿಬಿಟ್ಟ ಮೀನು. ಕಪ್ಪೆಯ ಮೊಟ್ಟೆ, ಗೊದಮೊಟ್ಟೆಮರಿ, ಬೇರೆ ಮೀನಿನ ಮರಿ ಎಲ್ಲವನ್ನೂ ತಿನ್ನುತ್ತದೆ, ತಿನ್ನಲಾಗದವರ ರೆಕ್ಕೆ ಕಚ್ಚುತ್ತದೆ. ಆ ಕಪ್ಪೆ, ಆ ಮರಿಗಳಲ್ಲಿ ಎಷ್ಟೋ ತಾವೇ ಸೊಳ್ಳೆ ಮರಿ ತಿನ್ನುವಂಥವು. ನಮ್ಮ ತೋಡು, ಗದ್ದೆಗಳಲ್ಲೇ ನೆತ್ತಿಯ ಮೇಲೆ ಬಿಳಿ ಚುಕ್ಕೆ ಮಿನುಗುವ ಒಂದು ಸಣ್ಣ ಮೀನಿದೆ. ನೀರಿನ ಮೇಲ್ಮೈಯಲ್ಲೇ ಓಡಾಡುತ್ತಾ ಸೊಳ್ಳೆ ಮರಿ ಹೆಕ್ಕುತ್ತದೆ. ಚಿಕ್ಕವರಿದ್ದಾಗ ಅಂಗೈಯಲ್ಲಿ ಹಿಡಿದು ಬಾಟಲಿಗೆ ಹಾಕಿದವರು ಬಹಳ ಜನ ಇರಬಹುದು. ಬಿಡಲೇಬೇಕು ಅಂದರೆ ಅದನ್ನೇ ಬಿಡಬಹುದಲ್ಲ.

ಹಾಗಾದರೆ ತೋಟದ ಕೆರೆಯಲ್ಲಿ ಮೀನೇ ಬೇಡವಾ? ಹಾಗೆ ಹೇಳಿದರೆ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಕೋಡಿಗೆ ಬಲೆ ಕಟ್ಟಿ ಅಂತ ಸಲಹೆ ಕೊಡುವುದು ಸುಲಭ. ಜುಲೈ ಮಳೆಯಲ್ಲಿ ಅದೇ ಬಲೆಗೆ ಸಿಲ್ವರ್ ಮರದ ಎಲೆ ಕಟ್ಟಿಕೊಂಡು ನೀರು ಏರಿಯ ಮೇಲೆ ಹರಿಯತೊಡಗಿದರೆ, ಮಧ್ಯರಾತ್ರಿ ಕೊಡೆ ಹಿಡಿದು ಹೋಗಿ ಮೊದಲು ಕಿತ್ತು ಹಾಕುವುದು ಆ ಬಲೆಯನ್ನೇ. ಏರಿ ಒಡೆದರೆ ಕೆಳಗಿನ ಗದ್ದೆಯೂ ಹೋಗುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳೇ ಜಾರಿದ ಊರಿನಲ್ಲಿ ಬಲೆಯನ್ನು ನಂಬಿ ಕೂರಲು ಆಗುತ್ತಾ? ಅದೇ ಮಳೆಯ ಪ್ರವಾಹದ ನಂತರ ಕೇರಳದ ನದಿಗಳಲ್ಲಿ ಅರಪೈಮ, ಅಲಿಗೇಟರ್ ಗಾರ್‌ನಂಥ ದಕ್ಷಿಣ, ಉತ್ತರ ಅಮೆರಿಕಗಳ ದೈತ್ಯ ಮೀನುಗಳು ಬಲೆಗೆ ಬಿದ್ದವು. ಸಾಕಿದ ಜಾಗದಿಂದ ತಪ್ಪಿಸಿಕೊಂಡವು ಅವು.

ಆದ್ದರಿಂದ ತೀರ್ಮಾನ ಆಗಬೇಕಾದದ್ದು ಕೋಡಿಯಲ್ಲಿ ಅಲ್ಲ, ಮರಿ ಕೊಳ್ಳುವ ದಿನ. ಕೆರೆಗೆ ಬಿಟ್ಟದ್ದು ಒಂದಲ್ಲ ಒಂದು ಮಳೆಗಾಲ ಹೊಳೆಗೆ ಹೋಗೇ ಹೋಗುತ್ತದೆ ಅಂದುಕೊಂಡೇ ಆರಿಸಬೇಕು. ಹುಲ್ಲುಗೆಂಡೆ, ಕಾಟ್ಲಾ, ರೋಹುಗಳಿಗೆ ಮೊಟ್ಟೆ ಇಡಲು ದೊಡ್ಡ ನದಿಯ ಪ್ರವಾಹ ಬೇಕು, ನಿಂತ ಕೆರೆಯಲ್ಲಿ ಮರಿ ಮಾಡುವುದಿಲ್ಲ. ಅವು ಹೊಳೆಗೆ ಹೋದರೆ ತೊಂದರೆಯೇ ಇಲ್ಲ ಅಂತಲ್ಲ, ಆದರೆ ಕೆರೆಯಲ್ಲೇ ಕೂತು ವರ್ಷ ವರ್ಷ ಮರಿ ಕಳಿಸುವುದಿಲ್ಲ. ಜಿಲೇಬಿ ಕಳಿಸುತ್ತದೆ, ಸಾಮಾನ್ಯ ಗೆಂಡೆಯೂ ಕಳಿಸುತ್ತದೆ. ಮರಿ ಮಾರುವವರ ಚೀಲದಲ್ಲಿ ಬೆರಳ ತುದಿಯಷ್ಟಿರುವಾಗ ಯಾವುದು ಯಾವುದು ಅಂತ ಗುರುತಿಸುವುದು ಕಷ್ಟ. ಚೀಲ ಬಿಚ್ಚಿ ಒಂದು ಬಿಳಿ ಬೇಸಿನ್ನಿಗೆ ಸುರಿದು, ಬೆನ್ನಿನ ರೆಕ್ಕೆ ನೋಡಬೇಕು. ಬೆನ್ನುದ್ದಕ್ಕೂ ಚಾಚಿಕೊಂಡ, ಮುಂಭಾಗ ಮುಳ್ಳು ಮುಳ್ಳಾದ ರೆಕ್ಕೆ ಇದ್ದರೆ ಅದು ಜಿಲೇಬಿ. ಅದನ್ನು ಅಲ್ಲೇ ಹೆಕ್ಕಿ ತೆಗೆಯಬಹುದು. ಕೆರೆಗೆ ಬಿದ್ದ ಮೇಲೆ, ಕೆರೆ ಪೂರ್ತಿ ಒಣಗಿಸದ ಹೊರತು, ಆಗುವುದಿಲ್ಲ.